ರೋಮನ್ ನೆಲದ ಮೇಲೆ ಯುಗಾದಿ ಇಡ್ಲಿ

ರೋಮನ್ನರ ಕೈಲಾದದ್ದು ನನ್ನ ಕೈಲಾಗದೇ? ಚೆಸ್ಟರ್ ಊರಿನ ರೋಮನ್ ಉದ್ಯಾನದಲ್ಲಿ ನಿಂತು ನಾನು ಕೇಳಿಕೊಂಡ ಪ್ರಶ್ನೆ ಇದು. ಎದುರಿಗೆ ಗಿಡ್ಡ ಕಂಬಗಳ ಸಾಲು. ಹಿಂದೆ ಅವುಗಳ ಮೇಲೆ ನೆಲವಿತ್ತಂತೆ. ಕೆಳಗೆ ಒಲೆಯಿಂದ ಬಿಸಿಗಾಳಿ ಹರಿಯುತ್ತಿತ್ತಂತೆ. ಹೊರಗೆ ಇಂಗ್ಲೆಂಡಿನ ಮಳೆ ಸುರಿಯುತ್ತಿದ್ದರೂ ರೋಮನ್ ಸಾಹೇಬರು ಬರಿಗಾಲಲ್ಲಿ ಬೆಚ್ಚಗೆ ಓಡಾಡಿಕೊಂಡಿದ್ದರಂತೆ. ಡರ್ಬಿಯ ನಮ್ಮ ಮನೆಯಲ್ಲಾದರೋ ಎರಡು ಜೊತೆ ಕಾಲುಚೀಲ ಹಾಕಿದರೂ ಅಡುಗೆಮನೆಯಲ್ಲಿ ಕಾಲೂರಲಾಗುವುದಿಲ್ಲ. ನಾನು ವಿಮಾನದ ಎಂಜಿನ್ ತಯಾರಿಸುವ ಕಡೆ ಕೆಲಸ ಮಾಡುವವನು. ಉರಿಯುವ ಎಂಜಿನ್ನಿನ ಬಿಸಿ ಅಳೆಯುವುದೇ ನನ್ನ ಹೊಟ್ಟೆಪಾಡು. ನನಗೆ ಒಂದು ಅಡುಗೆಮನೆಯ ನೆಲ ಯಾವ ಲೆಕ್ಕ!

ವಾಪಸು ಬರುವಾಗ ದಾರಿಯುದ್ದಕ್ಕೂ ಹೆಂಡತಿ ಗಿರಿಜಾಗೆ ರೋಮನ್ನರ ಉಪಕಾರಗಳನ್ನು ವಿವರಿಸಿದೆ. ಈ ನೇರ ರಸ್ತೆಗಳು ಅವರ ಬುದ್ಧಿ, ಕಾಂಕ್ರೀಟು ಅವರದು, ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳುಗಳೂ ಅವರವೇ ಎಂದೆ. ಗಿರಿಜಾ ಧಾರವಾಡದವಳು. ನಾನು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಆಡುವುದು ಆಕೆಯ ಪದ್ಧತಿ.

"ಹಂಗಾದ್ರ ಜುಲೈದಾಗೂ ಇಲ್ಲಿ ಸ್ವೆಟರ್ ಹಾಕ್ಕೋಬೇಕಲ್ಲ, ಅದೂ ಅವರ ಉಪಕಾರನ ಏನ್ರಿ?"

ಮಹತ್ಕಾರ್ಯಗಳಿಗೆ ಮನೆಯವರ ಪ್ರೋತ್ಸಾಹ ಎಂದೂ ಸಿಕ್ಕಿದ್ದಿಲ್ಲ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಟೈಲ್ಸಿನ ಅಡಿಯಲ್ಲಿ ಹಾಸುವ ಕರೆಂಟಿನ ಚಾಪೆ ತರಿಸಿದೆ. ಹಾಸಿಕೊಡಲು ಎಲೆಕ್ಟ್ರಿಷಿಯನ್ ಒಬ್ಬ ಹೇಳಿದ ದರ ಕೇಳಿ, ರೋಮನ್ನರು ಅವನನ್ನು ಕರೆದಿದ್ದರೇ ಎಂದು ಪ್ರಶ್ನಿಸಿ ಕಳಿಸಿಬಿಟ್ಟು ನಾನೇ ಹಾಸಿದೆ. ನೆಲದ ಬಿಸಿ ಅಳೆದು ಸಾಕಾದಾಗ ಚಾಪೆಯನ್ನು ಆರಿಸುವ ಒಂದು ಸೆನ್ಸರ್ ಅದರ ಜೊತೆ ಬಂದಿತ್ತು. ಅದನ್ನು ಹಿತ್ತಿಲ ಬಾಗಿಲ ಸಂದಿಯ ಪಕ್ಕ ಹೂತೆ. ಅಲ್ಲಿ ಕೊರೆಯುವುದು ಸುಲಭವಾಗಿತ್ತು, ಅದೊಂದೇ ಕಾರಣ. ಆ ಸಂದಿಯಿಂದ ಸದಾ ತಣ್ಣನೆ ಗಾಳಿ ನುಗ್ಗುತ್ತದೆ, ಆದ್ದರಿಂದ ಸೆನ್ಸರಿನ ಪಾಲಿಗೆ ನಮ್ಮ ಮನೆಯಲ್ಲಿ ನೆಲ ಎಂದಿಗೂ ಬಿಸಿಯಾಗುವುದಿಲ್ಲ ಎಂಬ ಸತ್ಯ, ಬಿಸಿ ಅಳೆಯುವ ತಜ್ಞನಾದ ನನಗೆ ಹೊಳೆಯಲಿಲ್ಲ.

ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಕರೆಂಟಿನ ಬಿಲ್ಲು ಮಾತ್ರ ಬರುತ್ತಿತ್ತು. ಆದರೆ ಯುಗಾದಿ ಬಂತು.

ನಮ್ಮ ಕನ್ನಡ ಸಂಘದ ಅಧ್ಯಕ್ಷರು ಪ್ರಭಾಕರ್, ಮೈಸೂರಿನವರು. ಅವರ ಹೆಂಡತಿ ಸುಮಾ ಎಲ್ಲ ಸಮಾರಂಭದಲ್ಲೂ ಗಿರಿಜಾಗೆ ನಗುನಗುತ್ತಲೇ ಒಂದು ಮಾತು ಹೇಳುತ್ತಾರೆ: "ರೊಟ್ಟಿ, ಎಣ್ಣೆಗಾಯಿ ಅಂದ್ರೆ ನಿಮ್ಮ ಕಡೆಯೋರೇ ಸರಿ ಗಿರಿಜಾ. ಇಡ್ಲಿ ಮಾತ್ರ ನಮಗೆ ಬಿಟ್ಬಿಡಿ." ವರ್ಷಗಟ್ಟಲೆ ಇದನ್ನು ನುಂಗಿಕೊಂಡಿದ್ದ ಗಿರಿಜಾ ಈ ಸಲದ ಮೀಟಿಂಗಿನಲ್ಲಿ ಎದ್ದು ನಿಂತಳು. ಯುಗಾದಿಯ ತಿಂಡಿಗೆ ಪಕ್ಕದ ಲೆಸ್ಟರ್ ಊರಿನ ಇಂಡಿಯನ್ ಹೋಟೆಲಿನಿಂದ ಏನೂ ತರಿಸುವುದು ಬೇಡ, ಇಡೀ ಸಂಘಕ್ಕೆ ಇಡ್ಲಿ ತಾನೇ ಮಾಡುತ್ತೇನೆ ಎಂದಳು. ಸುಮಾ ಅವರ ಹುಬ್ಬು ಮೇಲೇರಿದ್ದನ್ನು ನಾನು ಕಣ್ಣಾರೆ ಕಂಡೆ.

ಈ ದೇಶದಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವ ಕಷ್ಟ ಇಲ್ಲಿದ್ದವರಿಗೇ ಗೊತ್ತು. ಕೆಲವರು ಓವನ್ನಿನೊಳಗೆ ಪಾತ್ರೆ ಇಟ್ಟು ಅದರ ದೀಪ ಹಚ್ಚುತ್ತಾರೆ. ಕೆಲವರು ಬಾಯ್ಲರಿನ ಕಪಾಟಿಗೆ ತಳ್ಳುತ್ತಾರೆ. ಮಗುವಿಗೆ ಜ್ವರ ಬಂದಿದೆಯೇನೋ ಎಂಬಂತೆ ಆಗಾಗ ಹೋಗಿ ಮುಟ್ಟಿ ನೋಡುತ್ತಾರೆ. ನಾಲ್ಕು ಮನೆಗಳ ಓವನ್ನಿಗೆ ಒಂದೊಂದು ಪಾತ್ರೆ ಹಂಚುವುದು ಗಿರಿಜಾಳ ಯೋಜನೆಯಾಗಿತ್ತು. ನಾನು ಎದೆಯುಬ್ಬಿಸಿ ಅಡ್ಡ ಬಂದೆ. ಸಾಮ್ರಾಜ್ಯವನ್ನೇ ಬೆಚ್ಚಗಿಟ್ಟ ತಂತ್ರಜ್ಞಾನ ನಮ್ಮ ಮನೆಯ ನೆಲದಡಿ ಇರುವಾಗ ಊರವರ ಓವನ್ ಯಾಕೆ? ಆಕೆ, "ಹೂಂ, ಇಡ್ರಿ. ಆದ್ರ ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಬಿಸಿ ಜಾಸ್ತಿ ಇಡಬ್ಯಾಡ್ರಿ" ಎಂದಳು. ನನ್ನ ಮೇಲೆ ನಂಬಿಕೆ ಇಟ್ಟಳು. ಅದು ಆಕೆಯ ತಪ್ಪು.

ಶನಿವಾರ ಸಂಜೆ ಆಕೆ ರುಬ್ಬಿ ರುಬ್ಬಿ ದಣಿದು ಮಲಗಲು ಹೋದಳು. ಮುಂದಿನ ಉಸ್ತುವಾರಿ ನನ್ನದು. ಹಿಟ್ಟಿನ ಪಾತ್ರೆಗಳನ್ನು ನೆಲದ ಮೇಲೆ ಸಾಲಾಗಿ ನಿಲ್ಲಿಸಿದೆ. ನೆಲ ಹೇಗಿದೆ ಎಂದು ಸೆನ್ಸರಿಗೆ ಜೋಡಿಸಿದ ಗೋಡೆಯ ಸ್ವಿಚ್ಚಿನ ಮೇಲಿನ ಅಂಕಿ ನೋಡಿದರೆ ಇನ್ನೂ ತಣ್ಣಗಿದೆ ಎಂದು ತೋರಿಸುತ್ತಿತ್ತು. ಬಿಸಿ ಹೆಚ್ಚಿಸಿದೆ. ಆಗಲೂ ಅಷ್ಟೇ. ಪೂರ್ತಿ ತಿರುಗಿಸಿದೆ. ಅದೂ ಸಾಲದೆಂದು ಮನೆಯಲ್ಲಿದ್ದ ಡ್ಯುವೆ, ರಜಾಯಿಗಳನ್ನೆಲ್ಲ ತಂದು ಪಾತ್ರೆಗಳಿಗೆ ಹೊದಿಸಿ, ಅಂಚುಗಳನ್ನು ಒಳಗೆ ಮಡಚಿದೆ. ನನ್ನ ಮಗಳಿಗೂ ನಾನು ಇಷ್ಟು ಅಕ್ಕರೆಯಿಂದ ಹೊದಿಸಿದವನಲ್ಲ.

ಬೆಳಿಗ್ಗೆ ನನ್ನನ್ನು ಎಬ್ಬಿಸಿದವಳು ಅದೇ ಮಗಳು, ಹದಿಮೂರರ ಸಿರಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು. "ಡ್ಯಾಡ್," ಎಂದಳು ಬಹಳ ಶಾಂತವಾಗಿ, "ದ ಕಿಚನ್ ಫ್ಲೋರ್ ಈಸ್ ಬ್ರೀದಿಂಗ್."

ಓಡಿದೆ. ರಜಾಯಿಗಳು ನಿಜವಾಗಿಯೂ ಮೆಲ್ಲಗೆ ಏಳುತ್ತಿದ್ದವು, ಇಳಿಯುತ್ತಿದ್ದವು. ಹಿಟ್ಟು ಉಬ್ಬಿತ್ತು, ಆ ಬಗ್ಗೆ ಯಾರೂ ಎರಡು ಮಾತಾಡುವಂತಿರಲಿಲ್ಲ. ಉಬ್ಬಿ, ಪಾತ್ರೆಗಳನ್ನು ತ್ಯಜಿಸಿ, ರಜಾಯಿಯ ಅಡಿಯಲ್ಲಿ ಗೋಡೆಯಿಂದ ಗೋಡೆಗೆ ಸಾಮ್ರಾಜ್ಯ ವಿಸ್ತರಿಸಿತ್ತು. ಮೇಲೆ ಹೊದಿಕೆ, ಕೆಳಗೆ ಕಾದ ನೆಲ. ಮೇಲ್ಭಾಗ ಇಡ್ಲಿಯಾಗಿತ್ತು, ತಳಭಾಗ ದೋಸೆಯಾಗಿತ್ತು. ಬಿಡಿಸೋಣವೆಂದು ಒಂದು ರಜಾಯಿ ಎಳೆದೆ. ಅದು ಬರಲಿಲ್ಲ. ಜೋರಾಗಿ ಎಳೆದೆ. ರಜಾಯಿ ಅಲ್ಲೇ ಇತ್ತು, ನಾನು ಮಾತ್ರ ಬಂದು ಹಿಟ್ಟಿನೊಳಗೆ ಬಿದ್ದೆ. ಬಿದ್ದ ರಭಸಕ್ಕೆ ಉರುಳಿದ ಪಾತ್ರೆಯಲ್ಲಿ ಉಳಿದಿದ್ದ ನೀರುಹಿಟ್ಟು ಮೂಲೆಯಲ್ಲಿ ನೆಲಕ್ಕಿಟ್ಟಿದ್ದ ಪ್ಲಗ್ ಬೋರ್ಡಿನೊಳಗೆ ಇಳಿದು, ಟಪ್ ಎಂದು ಇಡೀ ಮನೆಯ ಕರೆಂಟು ಹೋಯಿತು. ಕರೆಂಟಿನ ಜೊತೆ ಬಾಯ್ಲರೂ ನಿಂತಿತು. ಬಿಸಿನೀರಿನ ಸ್ನಾನಕ್ಕೆ ಹೆಸರಾದ ರೋಮನ್ನರ ಏಕಲವ್ಯ ಶಿಷ್ಯನ ಮನೆಯಲ್ಲಿ ಯುಗಾದಿಯ ಎಣ್ಣೆಸ್ನಾನ ತಣ್ಣೀರಿನಲ್ಲಿ! ಸಾಲದ್ದಕ್ಕೆ, ಈ ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಳ್ಳುವ ದಿನವೂ ಅದೇ ಆಗಿತ್ತು. ಇದ್ದಬದ್ದ ಒಂದು ಗಂಟೆಯೂ ಹೋಗಿತ್ತು.

ಗಿರಿಜಾ ಇಳಿದು ಬಂದು ಮೆಟ್ಟಿಲ ಮೇಲೆ ಕೂತಳು. ನಾನು ಸೆನ್ಸರಿನ ವಿಷಯ ಹೇಳಲು ಶುರುಮಾಡಿದೆ. ಆಕೆ ಕೇಳಿಸಿಕೊಳ್ಳುತ್ತಿರಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊಣಕಾಲ ಮೇಲೆ ಕೈ ಇಟ್ಟುಕೊಂಡು ಆ ಹಿಟ್ಟನ್ನೇ ನೋಡುತ್ತ, "ಸುಮಾ ಇನ್ನ ಏನಂತಾಳ ಗೊತ್ತದ ಅಲ್ಲ?" ಎಂದಳು, ಅಷ್ಟೇ. ನನಗೆ ನಾಚಿಕೆಯಾಯಿತು. ತಮಾಷೆಗೆ ಹೇಳುತ್ತಿಲ್ಲ, ನಿಜವಾಗಿಯೂ ಆಯಿತು.

ಆಮೇಲೆ ಆಕೆ ಎದ್ದಳು. ತಣ್ಣೀರಲ್ಲೇ ಸ್ನಾನ ಮಾಡಿದಳು. ಗ್ಯಾರೇಜಿನಲ್ಲಿದ್ದ ರವೆಯ ಚೀಲ, ಈರುಳ್ಳಿ, ಕರಿಬೇವು ಎಲ್ಲವನ್ನೂ ಕಾರಿಗೆ ಹಾಕಿಸಿದಳು. ಸಂಘದ ಹಾಲ್‌ನಲ್ಲಿರುವ ಅಡುಗೆಮನೆಯಲ್ಲೇ ಉಪ್ಪಿಟ್ಟು ಮಾಡುತ್ತೇನೆ ಎಂದಳು. ನಾನೂ ಶರ್ಟು ಬದಲಿಸಿ ಬರುತ್ತೇನೆಂದೆ. ಕೆರೆಯುವ ಕರಣೆಯನ್ನು ನನ್ನ ಕೈಗಿಟ್ಟು ತಾಯಿ, ಮಗಳು ಹೊರಟುಹೋದರು.

ಹಾಲ್‌ನಲ್ಲಿ ನಡೆದದ್ದನ್ನು ಆಮೇಲೆ ಸಿರಿ ಅಭಿನಯಸಹಿತ ವರದಿ ಮಾಡಿದಳು. ಮನೆಯಲ್ಲಿ ಉಪ್ಪಿಟ್ಟೆಂದರೆ ಮುಖ ತಿರುಗಿಸುವ ಜನ ಅಲ್ಲಿ ಪಾತ್ರೆ ಬಳಿದು ತಿಂದರಂತೆ. ಸುಮಾ ಎರಡನೇ ಸಲ ಬಡಿಸಿಕೊಂಡು, ಎಲ್ಲರಿಗೂ ಕೇಳುವಂತೆ, "ಅದಿರಲಿ ಗಿರಿಜಾ, ಇಡ್ಲಿ ಏನಾಯ್ತು?" ಎಂದರಂತೆ.

"ಇಡ್ಲಿ ಆಗೇದ ಸುಮಾ," ಎಂದಳಂತೆ ಗಿರಿಜಾ. "ಒಂದೇ ಒಂದು, ಅಡಿಗಿಮನಿಯಷ್ಟು ಅಗಲ. ನಮ್ಮನಿಯವರು ಅದನ್ನ ಬಿಟ್ಟು ಬರಲಿಕ್ಕೆ ಒಪ್ಪಲಿಲ್ಲ."

ಪ್ರಭಾಕರ್ ನಕ್ಕ ನಗೆಗೆ ಬಾಯಲ್ಲಿದ್ದ ಉಪ್ಪಿಟ್ಟು ಮುಂದಿನ ಸಾಲಿನವರ ಮೇಲೆ ಬಿತ್ತಂತೆ. ಸುಮಾ ಕೂಡ ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಅಂಥ ಇಡ್ಲಿ ನಮ್ಮ ಕಡೆ ಯಾರೂ ಮಾಡಿದ್ದಿಲ್ಲ, ಒಪ್ಪಿಕೊಂಡೆ, ಒಂದು ಸಲ ನೋಡಲೇಬೇಕು ಎಂದರಂತೆ.

ನೋಡಲು ಬಂದೂ ಬಿಟ್ಟರು! ಸುಮಾ, ಪ್ರಭಾಕರ್, ಅವರ ಹಿಂದೆ ಅರ್ಧ ಸಂಘ. ಎಲ್ಲರೂ ಹೊಸ ಬಟ್ಟೆಯಲ್ಲಿ, ಚಪ್ಪಲಿ ಹೊರಗೆ ಬಿಟ್ಟು, ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನೆರೆದರು. ನಾನು ಮೊಣಕಾಲೂರಿ ಕೆರೆಯುತ್ತಿದ್ದೆ. ನೆಲದ ಬಿಸಿಯ ಬಗ್ಗೆ ಎರಡು ಮಾತು ವಿವರಿಸೋಣವೆಂದು ತಲೆಯೆತ್ತಿದೆ. ಅಷ್ಟರಲ್ಲಿ ಸಿರಿ ಮುಂದೆ ನಿಂತು ಗೈಡ್ ಕೆಲಸ ಶುರುಮಾಡಿದ್ದಳು.

"ದಿಸ್ ಈಸ್ ದ ರೋಮನ್ ಫ್ಲೋರ್," ಎಂದು ನೆಲ ತೋರಿಸಿದಳು. ಆಮೇಲೆ ನನ್ನ ಕಡೆ ಕೈ ತಿರುಗಿಸಿ, "ಅಂಡ್ ದಟ್ಸ್ ದ ಸ್ಲೇವ್."

ಎಲ್ಲರೂ ಗಿರಿಜಾಳ ಮುಖ ನೋಡಿದರು. ಆಕೆ ತಿದ್ದಲಿಲ್ಲ. ನಾನೂ ತಿದ್ದಲಿಲ್ಲ, ಫ್ರಿಜ್ಜಿನ ಅಡಿ ಇನ್ನೂ ಕೆರೆಯುವುದಿತ್ತು.