ಸುಧಾರಿಸಿಕೊಂಡ ಸಂಸಾರ

ನನ್ನ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ ಎಂದು ಮದುವೆಯಾದಂದಿನಿಂದ ಗೊಣಗಿಕೊಂಡು ಬಂದವಳು ನಾನು. ಕೇಳಿದರೆ ಏನಾಗುತ್ತದೆ ಎಂಬುದು ಈಗ ಗೊತ್ತಾಗಿದೆ. ನಾನಾಡಿದ ಒಂದೇ ಒಂದು ಕ್ರಿಯಾಪದವನ್ನು ಇಡೀ ಸಂಸಾರ ಅಕ್ಷರಶಃ ಪಾಲಿಸಿತು. ಆ ವಿಧೇಯತೆಯ ಭವ್ಯತೆಯನ್ನು ಕಂಡು ತೆರೆದ ಬಾಯನ್ನು ನಾನಿನ್ನೂ ಪೂರ್ತಿ ಮುಚ್ಚಿಲ್ಲ. (ಊಟಕ್ಕೆ ಅನುಕೂಲವಾಗಿದೆ.)

ನಾನು ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದ ಮೇಲ್ವಿಚಾರಕಿ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳು ಬೆಟ್ಟದಂತೆ ಬಂದು ಬೀಳುವ, ಆವಿ ಬುಸುಗುಡುವ, ಪಕ್ಕದವರ ಮಾತು ಅವರ ತುಟಿ ನೋಡಿದರೆ ಮಾತ್ರ ತಿಳಿಯುವ ಜಾಗ. “ಇಸ್ತ್ರಿ ಅನ್ನೋ ಪದದಲ್ಲೇ ಸ್ತ್ರೀ ಇದ್ದಾಳೆ, ಆದ್ದರಿಂದಲೇ ಅದು ಸದಾ ಬಿಸಿ” ಎಂಬುದು ನನ್ನ ಯಜಮಾನರ ಜೋಕು. ಅವರು ಭೂಗೋಳದ ಮೇಷ್ಟ್ರು. ನಗು ಬೆಳೆಯದ ಪ್ರದೇಶಗಳನ್ನು ಗುರುತಿಸುವುದರಲ್ಲಿ ನಿಷ್ಣಾತರು.

ನಮ್ಮಲ್ಲಿ ಮ್ಯಾನೇಜರ್ ನಿವೃತ್ತರಾಗಿ ಅವರ ಗಾಜಿನ ಕೋಣೆ ಖಾಲಿಯಾಗಿತ್ತು. ಒಳಗೆ ಫ್ಯಾನು, ಬಾಗಿಲು, ಸುತ್ತುವ ಕುರ್ಚಿ. ಆ ಬಾಗಿಲು ಮುಚ್ಚಿದರೆ ಆವಿಯ ಬುಸುಗುಡುವ ಸದ್ದು ಒಳಗೆ ಬರುವುದಿಲ್ಲ ಎಂದು ಕೇಳಿದ್ದೆ. ವರ್ಷಗಟ್ಟಲೆ ನಿಂತೇ ಕೆಲಸ ಮಾಡಿದ ನನ್ನ ಕಾಲುಗಳು ಆ ಕುರ್ಚಿಯನ್ನು ನೋಡಿದಾಗೆಲ್ಲ ತಾವಾಗಿಯೇ ಆ ಕಡೆ ತಿರುಗುತ್ತಿದ್ದವು. ಸ್ಪರ್ಧೆಯಲ್ಲಿದ್ದವರು ನಾನು ಮತ್ತು ಒಗೆಯುವ ವಿಭಾಗದ ಮೇಲ್ವಿಚಾರಕ, ಇಬ್ಬರೇ. ಅವನಿಗೆ ಎಲ್ಲರೂ ಇಟ್ಟ ಹೆಸರು ‘ಗಂಜಿ’. ಬಟ್ಟೆಗೆ ಗಂಜಿ ಹಾಕಿಸುತ್ತಾನೆಂದಲ್ಲ, ಕುತ್ತಿಗೆಗೆ ಹಾಕಿಕೊಂಡಿದ್ದಾನೆಂದು. ಬಗ್ಗುವುದೇ ಇಲ್ಲ.

ಅಷ್ಟರಲ್ಲಿ ನಮ್ಮ ಒಡತಿ ಯಾವುದೋ ತರಬೇತಿಗೆ ಹೋಗಿಬಂದರು. ಹೋದವರು ಒಬ್ಬರು, ಬಂದವರು ಇನ್ನೊಬ್ಬರು. ಅವರ ಚಪ್ಪಲಿಯ ಸದ್ದಿಗೇ ಇಸ್ತ್ರಿಪೆಟ್ಟಿಗೆಗಳು ತಣ್ಣಗಾಗುತ್ತಿದ್ದ ಕಾಲವಿತ್ತು. ಅಂಥವರು ಬೆಳಿಗ್ಗೆ ಪೊರಕೆ ಹಿಡಿದು ನೆಲದ ನೂಲುಕಸ ಗುಡಿಸುತ್ತಾ, ಹೊದಿಕೆ ಮಡಿಸುತ್ತಿದ್ದ ಹೆಂಗಸಿನ ಹತ್ತಿರ ಹೋಗಿ, “ನಿಮ್ಮ ಕೆಲಸಕ್ಕೆ ಏನು ಅಡ್ಡಿಯಾಗ್ತಿದೆ, ಹೇಳಿ, ತೆಗೀತೀನಿ” ಎಂದರು.

ಅವಳು ಅಳುಕುತ್ತಾ, “ನೀವೇ ಮೇಡಂ. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ” ಎಂದಳು.

ಒಡತಿ ಪಕ್ಕಕ್ಕೆ ನಿಂತರು. ಅಷ್ಟೇ ಅಲ್ಲ, ಥ್ಯಾಂಕ್ಸ್ ಎಂದರು! ನನ್ನ ಮೈಮೇಲಿನ ರೋಮಗಳೆಲ್ಲ ಎದ್ದು ನಿಂತವು. (ಗಂಜಿ ಹಾಕದೆಯೇ.)

ಆಮೇಲೆ ಅವರು ಭಾಷಣ ಮಾಡಿದರು. “ಇನ್ನು ಮೇಲೆ ನಾಯಕ ಅಂದ್ರೆ ಸೇವಕ. ಮೇಲಿರೋರು ಕೆಳಗಿರೋರ ಸೇವೆ ಮಾಡಬೇಕು. ಇನ್ನೊಂದು, ನಿರಂತರ ಸುಧಾರಣೆ. ಇವತ್ತು ನಿನ್ನೆಗಿಂತ ಚೂರು ವಾಸಿ, ನಾಳೆ ಇವತ್ತಿಗಿಂತ ಚೂರು ವಾಸಿ. ಮನೇಲಿ ಮಾಡಕ್ಕಾಗದ್ದನ್ನ ಇಲ್ಲಿ ಮಾಡಕ್ಕಾಗಲ್ಲ. ನಿಮ್ಮಿಬ್ಬರ ಮನೆಗೂ ನಾನೇ ಬರ್ತೀನಿ. ನೋಡಿ ಆಮೇಲೆ ಆ ಕೋಣೆ ಯಾರಿಗೆ ಅಂತ ಹೇಳ್ತೀನಿ.”

ನಾನು ಬಸ್ಸಿನಲ್ಲಿ ತೇಲಿಕೊಂಡೇ ಮನೆಗೆ ಬಂದೆ. ಎಂಥಾ ತತ್ತ್ವ! ಮೇಲ್ವಿಚಾರಕಿಯಾಗಿದ್ದವಳು ಕೆಳವಿಚಾರಕಿಯಾಗಿ, ಕೆಳಗಿಳಿದಷ್ಟೂ ಮೇಲೇರುವುದು! ನಮ್ಮ ಮನೆಯಲ್ಲಿ ಇದುವರೆಗೆ ಯಜಮಾನರು ಇದ್ದರು, ನಾಯಕರು ಯಾರೂ ಇರಲಿಲ್ಲ. ಆ ಕೊರತೆ ಇಂದಿಗೆ ಮುಗಿಯಿತು ಎಂದುಕೊಂಡೆ.

ಸಂಜೆ ಅತ್ತೆ, ಯಜಮಾನರು, ಕಾಲೇಜಿಗೆ ಹೋಗುವ ಮಗಳು, ಮೂವರನ್ನೂ ಹಾಲಿನಲ್ಲಿ ಕೂರಿಸಿದೆ. (ಅತ್ತೆ ಕೂರಲಿಲ್ಲ. ಅವರು ಹಗಲಿನಲ್ಲಿ ಕೂತದ್ದನ್ನು ನಾನು ನೋಡಿಯೇ ಇಲ್ಲ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಒರಗಿ ನಿಂತರು.) ಇಲ್ಲಿ ಒಂದು ವ್ಯಾಕರಣದ ಸಂಕಟ ಎದುರಾಯಿತು. ‘ನೀವೆಲ್ಲ ಸುಧಾರಿಸಬೇಕು’ ಎಂದು ಅತ್ತೆಯ ಮುಖಕ್ಕೆ ಹೇಳುವ ಸೊಸೆ ಇನ್ನೂ ಹುಟ್ಟಿಲ್ಲ. ಮಾತು ಮೆತ್ತಗಾಗಲೆಂದು ಹಿಂದೆ ಒಂದು ‘ಕೊಳ್ಳು’ ಸೇರಿಸಿದೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಕನ್ನಡವನ್ನು ಸಿಸ್ಟರ್‌ಗಳ ಕಣ್ಣು ತಪ್ಪಿಸಿ ಶೌಚಾಲಯದ ಹಿಂದೆ ಕಲಿತೆವು. ಅಷ್ಟು ಸೂಕ್ಷ್ಮಗಳು ಅಲ್ಲಿಯತನಕ ಬರುತ್ತಿರಲಿಲ್ಲ.

“ಇವತ್ತಿಂದ ಎಲ್ಲರೂ ದಿನಾ ಚೂರುಚೂರು ಸುಧಾರಿಸ್ಕೊಳ್ಳಿ” ಎಂದೆ. “ಶುರು ಮಾಡಿದ್ಮೇಲೆ ನಿಲ್ಲಿಸ್ಬಾರ್ದು. ಉಳಿದದ್ದನ್ನ ನಾನು ನೋಡ್ಕೊಳ್ತೀನಿ. ನಾನು ನಿಮ್ಮ ಸೇವಕಿ.”

ಅತ್ತೆ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು.

“ಇನ್ನೊಂದ್ಸಲ ಹೇಳು” ಎಂದರು ಅತ್ತೆ.

“ಸುಧಾರಿಸ್ಕೊಳ್ಳಿ ಅಂದೆ ಅತ್ತೆ.”

“ನಾನೂನಾ?”

“ಮೊದಲು ನೀವೇ.”

ಅತ್ತೆಯ ಕಣ್ಣಲ್ಲಿ ನೀರು. “ಈ ಮನೆಗೆ ಸೊಸೆಯಾಗಿ ಬಂದಾಗಿಂದ ಈ ಮಾತು ಒಬ್ಬರ ಬಾಯಲ್ಲೂ ಬಂದಿರಲಿಲ್ಲ, ತಾಯಿ” ಎಂದರು.

ಈ ವಯಸ್ಸಿನಲ್ಲೂ ಸುಧಾರಣೆಗಾಗಿ ಎಂಥಾ ಹಸಿವು ಎಂದು ನಾನು ಬೆರಗಾದೆ.

ಮರುದಿನ ಬೆಳಿಗ್ಗೆ ಎದ್ದರೆ ಒಲೆ ತಣ್ಣಗಿತ್ತು. ಹಾಲಿನ ಆರಾಮಕುರ್ಚಿಯಲ್ಲಿ ಅತ್ತೆ, ಮುಂದಿನ ಸ್ಟೂಲಿನ ಮೇಲೆ ಅತ್ತೆಯ ಎರಡೂ ಪಾದ. ಓಡಿಹೋಗಿ ಹಣೆ ಮುಟ್ಟಿ ನೋಡಿದೆ.

“ಅತ್ತೆ! ಹುಷಾರಿಲ್ವಾ?”

“ಹುಷಾರಾಗೇ ಇದ್ದೀನಿ. ಸುಧಾರಿಸ್ಕೊಳ್ತಿದ್ದೀನಿ. ನೀನೇ ಹೇಳಿದ್ಯಲ್ಲ.”

ಸೋಫಾದ ಮೇಲೆ ಯಜಮಾನರು ಮುಖಕ್ಕೆ ಪೇಪರು ಮುಚ್ಚಿಕೊಂಡು ಅಡ್ಡಾಗಿದ್ದರು. “ನಾನೂ” ಎಂದಿತು ಪೇಪರು. ಒಳಕೋಣೆಯಿಂದ ಮಗಳ ದನಿ ಬಂತು: “ಅಮ್ಮಾ, ನಂದೂ ಶುರುವಾಗಿದೆ. ನಿಲ್ಲಿಸ್ಬಾರ್ದು ಅಂದಿದ್ಯಲ್ಲ, ಅದಕ್ಕೇ ಕಾಲೇಜಿಗೆ ಹೋಗ್ತಿಲ್ಲ.”

ಯಜಮಾನರನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ರೀ, ಅತ್ತೆ ತಪ್ಪು ತಿಳ್ಕೊಂಡಿದ್ದಾರೆ. ನೀವು ಕನ್ನಡ ಮೀಡಿಯಮ್ಮು, ನಿಮಗಾದ್ರೂ ಗೊತ್ತಾಗ್ಬೇಡ್ವಾ?”

“ಗೊತ್ತಾಯ್ತು. ಗೊತ್ತಾಗಿದ್ದಕ್ಕೇ ಪೇಪರ್ ಮುಚ್ಕೊಂಡಿದ್ದು.”

“ಹೋಗಿ ಅವರಿಗೆ ಬಿಡಿಸಿ ಹೇಳಿ.”

“ನಾನ್ಯಾಕೆ? ನಾಯಕಿ ನೀನು. ನೀನೇ ಹೇಳು. ‘ಅತ್ತೆ, ದಣಿವಾರಿಸ್ಕೊಳ್ಳಿ ಅಂತ ಅಲ್ಲ ನಾನು ಅಂದಿದ್ದು, ನಿಮ್ಮಲ್ಲಿ ಕುಂದುಕೊರತೆ ಇದೆ, ತಿದ್ಕೊಳ್ಳಿ ಅಂತ’ ಅನ್ನು. ಅಷ್ಟು ಹೊತ್ತು ನಾನು ಬೇಕಾದ್ರೆ ಪಕ್ಕದ ಬೀದೀಲಿ ನಿಂತಿರ್ತೀನಿ.”

ಹಾಲಿಗೆ ಇಣುಕಿ ನೋಡಿದೆ. ಅತ್ತೆ ತಮ್ಮ ಪಾದಗಳನ್ನು ತಾವೇ ಕುತೂಹಲದಿಂದ ನೋಡುತ್ತಿದ್ದರು, ಬಹಳ ದಿನ ಕಾಣದಿದ್ದ ನೆಂಟರನ್ನು ನೋಡುವ ಹಾಗೆ. ಸೇವೆ ಶುರು ಮಾಡಿದೆ.

ಮುಂದಿನ ದಿನಗಳಲ್ಲಿ ಕಂಡದ್ದನ್ನು ಬೆರಗು ಎನ್ನಲೋ, ಬೆವರು ಎನ್ನಲೋ ತಿಳಿಯದು. ಮೊದಲನೆಯದಾಗಿ, ಮನೆ ಎಂಬುದು ತನ್ನಷ್ಟಕ್ಕೆ ತಾನೇ ನಡೆಯುವ ವಸ್ತುವೆಂದು ನಾನು ಎಣಿಸಿದ್ದೆ. ಹಾಲು ತಾನಾಗಿ ಕಾಯುತ್ತದೆ, ಹೊಸ್ತಿಲು ತಾನಾಗಿ ತೊಳೆದುಕೊಳ್ಳುತ್ತದೆ, ಒಣಗಿದ ಬಟ್ಟೆ ಸಂಜೆ ತಾನಾಗಿ ಇಳಿದು ಬರುತ್ತದೆ! ಹಾಗೇನಿಲ್ಲವಂತೆ. ಹಿತ್ತಲ ಬಾಗಿಲಿನ ಅಗಣಿಗೆ ಕೂಡ ಒಂದು ಉಪಾಯವಿದೆ, ಎತ್ತಿ ನೂಕಿ ಬೈಯಬೇಕು. ಎರಡನೆಯದು, ಅವರ ನಿರಂತರ ಸುಧಾರಣೆ. ಒಡತಿ ಕಂಡಿದ್ದರೆ ಕೈ ಮುಗಿಯುತ್ತಿದ್ದರು! ಅತ್ತೆ ಮೊದಲು ಕುರ್ಚಿಯ ಅಂಚಿನಲ್ಲಿ ಕೂತು, ಯಾರಾದರೂ ಕರೆದಾರೆಂದು ಕಿವಿ ನಿಮಿರಿಸಿಕೊಂಡೇ ಸುಧಾರಿಸಿಕೊಳ್ಳುತ್ತಿದ್ದರು. ಕ್ರಮೇಣ ಬೆನ್ನು ಆನಿಸಿದರು. ಆಮೇಲೆ ಕುರ್ಚಿಯನ್ನು ಕಿಟಕಿಯ ಬಳಿಗೆ ಎಳೆಸಿ, ಬಿಸಿಲು ಮೊಣಕಾಲಿಗೆ ಮಾತ್ರ ಬೀಳುವಂತೆ ಪರದೆ ಸರಿಸಲು ನನಗೆ ನಿರ್ದೇಶನ ಕೊಟ್ಟರು. ಯಜಮಾನರು ಪುಟ ತಿರುಗಿಸಲೂ ಕೈ ಎತ್ತದೆ ಪೇಪರು ಓದುವ ಭಂಗಿಯೊಂದನ್ನು ಕಂಡುಹಿಡಿದರು. ನಿಜಕ್ಕೂ ಇವತ್ತು ನಿನ್ನೆಗಿಂತ ಚೂರು ವಾಸಿ! ನನ್ನ ಇಸ್ತ್ರಿ ವಿಭಾಗ ಇಷ್ಟು ವರ್ಷಗಳಲ್ಲಿ ಕಾಣದ ಪ್ರಗತಿ.

ರಜೆಯ ಒಂದು ಮಧ್ಯಾಹ್ನ ಪಾತ್ರೆ ಉಜ್ಜುತ್ತಿದ್ದಾಗ ಹಾಲಿನಿಂದ ಸಣ್ಣಗೆ ಹಾಡು ಕೇಳಿಸಿತು. ರೇಡಿಯೋ ಎಂದುಕೊಂಡೆ. ಅತ್ತೆ! ಅವರಿಗೆ ಹಾಡು ಬರುತ್ತದೆಂದು ನನಗಿರಲಿ, ಅವರ ಮಗನಿಗೇ ಗೊತ್ತಿರಲಿಲ್ಲ. ಯಜಮಾನರು ಮುಖದ ಮೇಲಿನ ಪೇಪರು ತೆಗೆದು ಸುಮ್ಮನೆ ಕೇಳುತ್ತಾ ಕೂತಿದ್ದರು. ನಾನು ಸೋಪಿನ ಕೈಯಲ್ಲೇ ಬಾಗಿಲಲ್ಲಿ ನಿಂತೆ. ಹಾಡು ಮುಗಿಯುವತನಕ ನೊರೆ ಮೊಣಕೈಗೆ ಇಳಿದದ್ದು ತಿಳಿಯಲಿಲ್ಲ. ಇನ್ನು ಅರ್ಥ ಬಿಡಿಸಿ ಹೇಳುವ ಮಾತೇ ಇಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ. ಆದರೆ ಕೋಣೆ? ಒಡತಿ ಬಂದು ಈ ಮಲಗಿದ ಸಂಸಾರವನ್ನು ನೋಡಿದರೆ ಗಾಜಿನ ಕೋಣೆ ಗಂಜಿಯ ಪಾಲೇ.

ಒಡತಿ ಭಾನುವಾರ ಬಂದೇಬಿಟ್ಟರು. ನಾನು ಮಂಡಿಯೂರಿ ಹಾಲಿನ ನೆಲ ಒರೆಸುತ್ತಿದ್ದೆ. ಎದ್ದು ಓಡುವಷ್ಟು ಹೊತ್ತೂ ಸಿಗಲಿಲ್ಲ. ಅವರು ಅತ್ತೆಯ ಎದುರಿಗೆ ನಿಂತು ಕೇಳಿದರು, “ಹೇಗಿದೆಯಮ್ಮಾ ಮನೇಲಿ ಸುಧಾರಣೆ?”

“ಚೆನ್ನಾಗಿ ಸುಧಾರಿಸ್ಕೊಳ್ತಿದ್ದೀವಮ್ಮ” ಎಂದರು ಅತ್ತೆ. “ಈ ವಯಸ್ಸಲ್ಲಿ ಶುರು ಮಾಡಿದೀನಿ ನೋಡು.”

“ಕಷ್ಟ ಆಗಲಿಲ್ವಾ?”

“ಮೊದಮೊದಲು ಬೆನ್ನು ಒಪ್ಪಲಿಲ್ಲ. ಒಗ್ಗಿಸ್ಕೊಂಡೆ.”

ಒಡತಿ ಇದನ್ನು ಬಗ್ಗದ ಅಹಂಕಾರಕ್ಕೆ ಕೊಟ್ಟ ಉಪಮೆ ಎಂದು ತಿಳಿದು ತಲೆದೂಗಿದರು. “ಇವರು ನಿಮ್ಮ ಮೇಲೆ ಬಲವಂತ ಮಾಡಿದ್ರಾ?”

“ಇಲ್ಲಪ್ಪ! ನಿನ್ನ ಸೊಸೆ ನಿನಗೆ ಇಷ್ಟು ಮಾಡ್ತಾಳಾ ಅಂತ ಯಾರಾದ್ರೂ ನನ್ನ ಕೇಳಲಿ, ಹೇಳ್ತೀನಿ. ಒಂದು ಕಡ್ಡಿ ಎತ್ತಿಡಕ್ಕೂ ಬಿಡಲ್ಲ.”

ಯಜಮಾನರು ಮಲಗಿದ್ದಲ್ಲಿಂದಲೇ, “ಈ ಮಟ್ಟದ ಸುಧಾರಣೆ ನಾನೂ ನಿರೀಕ್ಷಿಸಿರಲಿಲ್ಲ ಮೇಡಂ” ಎಂದರು. ಅವರನ್ನು ಆಮೇಲೆ ವಿಚಾರಿಸಿಕೊಳ್ಳುವುದಿತ್ತು.

ಒಡತಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೆಲದಲ್ಲಿದ್ದ ನನ್ನನ್ನು ದೇವರ ಪಟವನ್ನು ನೋಡುವಂತೆ ನೋಡಿದರು. “ಆ ಕೋಣೆ ನಿಮಗೇ ಅಂತ ಹೇಳಕ್ಕೆ ಬಂದಿದ್ದೆ” ಎಂದರು.

ನನ್ನ ಕಿವಿಯಲ್ಲಿ ಗಾಜಿನ ಬಾಗಿಲು ಮೆಲ್ಲಗೆ ಮುಚ್ಚಿಕೊಂಡು ಆವಿಯ ಸದ್ದು ನಿಂತುಹೋಯಿತು. ಒರೆಸುವ ಬಟ್ಟೆ ಕೆಳಗಿಟ್ಟು ಏಳಹೊರಟೆ.

“ಏಳ್ಬೇಡಿ!” ಎಂದು ಅವರು ಕೂಗಿದರು. “ತರಬೇತೀಲಿ ನಮಗೆ ಹೇಳಿದ್ರು, ನಿಜವಾದ ನಾಯಕಿ ಇರೋದೇ ಅಲ್ಲಿ, ಎಲ್ಲರಿಗಿಂತ ಕೆಳಗೆ ಅಂತ. ನಾನು ಇವತ್ತೇ ಕಣ್ಣಾರೆ ನೋಡಿದ್ದು. ಇಂಥವರನ್ನ ಎತ್ತಿ ಕುರ್ಚೀಲಿ ಕೂರಿಸಿದ್ರೆ ಅದು ಬಡ್ತಿ ಅಲ್ಲ, ಹಿಂಬಡ್ತಿ. ನಿಮಗೆ ಆ ಅವಮಾನ ನಾನು ಮಾಡಲ್ಲ.”

“ಮಾಡಿ ಮೇಡಂ, ಪರವಾಗಿಲ್ಲ” ಎಂದೆ. ನನ್ನ ವಿನಯಕ್ಕೆ ಅವರ ಕಣ್ಣುಗಳು ಮತ್ತೆ ತುಂಬಿಕೊಂಡವು.

“ಕೋಣೆ ಗಂಜಿಗೆ” ಎಂದರು. “ಅವರ ಮನೆಗೆ ನಿನ್ನೆ ಹೋಗಿದ್ದೆ. ನಾನು ಇದ್ದಷ್ಟು ಹೊತ್ತೂ ಕಾಲ ಮೇಲೆ ಕಾಲು ಹಾಕ್ಕೊಂಡು ಹೆಂಡತಿಗೆ ಆರ್ಡರ್ ಮಾಡ್ತಾನೇ ಇದ್ರು. ಅಬ್ಬಾ, ಸುಧಾರಣೆಗೆ ಎಷ್ಟೊಂದು ಜಾಗ! ನೀವು ದಿನಾ ಅವರ ಸೇವೆ ಮಾಡಿ ಅವರನ್ನ ತಿದ್ದಬೇಕು. ಇದು ನಿಮ್ಮಿಂದ ಮಾತ್ರ ಆಗೋದು.”

ನಾನು ಮಂಡಿಯ ಮೇಲೆಯೇ ಇದ್ದೆ. ಏಳಲು ಈಗ ಕಾರಣವೂ ಇರಲಿಲ್ಲ. ಒಡತಿ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಮೆಲ್ಲಗೆ ಕೂತರು. ಕೂತ ಮೇಲೆ ಅವರಿಂದ ಉದ್ದನೆಯ ಉಸಿರೊಂದು ಹೊರಬಿತ್ತು. “ಈ ನಾಯಕತ್ವ ಶುರುವಾದಾಗಿಂದ ನಾನು ಕೂತೇ ಇಲ್ಲ ಕಣಮ್ಮಾ” ಎಂದರು ಮಗುವಿನಂತೆ.

ಅತ್ತೆ ಅವರ ಕೈ ತಟ್ಟಿದರು. “ಕಾಲು ಮೇಲಿಟ್ಕೋ. ನಾಚ್ಕೋಬೇಡ, ಇದು ನಿನ್ನ ಮನೇನೇ ಅನ್ಕೋ.” ಆಮೇಲೆ ನನ್ನ ಕಡೆ ತಿರುಗಿ, “ಇವಳ ಬೆನ್ನಿಗೊಂದು ದಿಂಬು ತಗೊಂಡು ಬಾ ತಾಯಿ” ಎಂದರು.

ಒಳಗೆ ಹೋಗಿ ನೋಡಿದೆ. ಸುಧಾರಿಸಿಕೊಳ್ಳುವವರು ಮನೆಯ ದಿಂಬುಗಳನ್ನೆಲ್ಲ ಒಂದೊಂದಾಗಿ ಒಯ್ದಿದ್ದರು. ಉಳಿದದ್ದು ಒಂದೇ, ನನ್ನದು. ಗವಸನ್ನು ಚೆನ್ನಾಗಿ ಇಸ್ತ್ರಿ ಮಾಡಿ ತಂದುಕೊಟ್ಟೆ.