ಖಾರದ ಗಿರಣಿಯ ಇನ್ನರ್ಧ ಮಾಲಕರು

ಶಿವರಾತ್ರಿ ಕಳೆದು ಬಿಸಿಲು ಬಲಿತಿತ್ತು. ಸತ್ತೂರಿನಾಚೆಯ ಹಳ್ಳಿಯಲ್ಲಿ ಬೀರವ್ವನ ಖಾರದ ಗಿರಣಿಯ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಹರವಿತ್ತು. ಹೆಂಗಸರು ಸಾಲಾಗಿ ಕುಳಿತು ತೊಟ್ಟು ಮುರಿಯುತ್ತಿದ್ದರು. ಹುಬ್ಬಳ್ಳಿಯ ಟ್ಯಾಕ್ಸ್ ಸಲಹೆಗಾರ ಫಕೀರೇಶ ಸ್ಕೂಟರಿನಿಂದ ಇಳಿಯುವ ಮೊದಲೇ ಮೂರು ಸಲ ಸೀನಿದ.

ಅವನಿಗೆ ಬೇಕಾದದ್ದು ಒಂದೇ ಹೆಸರು. ಗಿರಣಿ ಈಗ ಪ್ರೈವೇಟ್ ಲಿಮಿಟೆಡ್ ಕಂಪನಿ. ಅದರ ಖರೇ ಮಾಲಕರು ಯಾರ್ಯಾರು ಎಂದು ತಿಳಿಸುವ ಫಾರ್ಮು ಅಂದು ಸಂಜೆ ಐದರೊಳಗೆ ಸರಕಾರಕ್ಕೆ ಹೋಗಬೇಕು; ತಪ್ಪಿದರೆ ದಂಡ. ಅರ್ಧ ಪಾಲು ಬೀರವ್ವನದು. ಇನ್ನರ್ಧ? ಮೊದಲು ಇದೆಲ್ಲ ನೋಡಿಕೊಳ್ಳುತ್ತಿದ್ದ ಫಕೀರೇಶನ ಮಾವ ಹನುಮಪ್ಪ ದಸರೆಗೆ ತೀರಿಕೊಂಡಿದ್ದರು, ಅವರ ಫೈಲನ್ನು ಗೆದ್ದಲು ತಿಂದಿತ್ತು.

"ಇದೊಂದು ಮುಗಸ್ರಿ, ಮುಂದಿನ ಮೂರು ವರ್ಷದ ಫೀ ಒಮ್ಮೆಗೇ ಕೊಡತೇನಿ," ಎಂದಿದ್ದಳು ಬೀರವ್ವ. ಅದು ಬಂದರೆ ಫಕೀರೇಶನ ಆಫೀಸಿನ ಬಾಕಿ ಬಾಡಿಗೆಯೆಲ್ಲ ತೀರುತ್ತಿತ್ತು.

"ಇನ್ನರ್ಧ ಯಾರದ್ರಿ?"

"ನನಗೇನ್ ನೆನಪ್ರಿ? ಕಂಪನಿ ಅಂದ್ರ ಇಬ್ಬರು ಬೇಕ ಬೇಕು ಅಂತ ನಿಮ್ಮ ಮಾವನವರೇ ಯಾರನ್ನೋ ಹೊಂದಿಸಿದ್ರು. ಮೈಲಾರೀನ್ನ ಕೇಳ್ರಿ."

ಗಿರಣಿ ನಡೆಸುವ ಮೈಲಾರಿ ಬೀರವ್ವನ ಅಣ್ಣನ ಮಗ; ಟ್ಯಾಕ್ಸಿನವರು ಎಂದು ಕೇಳಿದ್ದೇ ಯಂತ್ರ ನಿಲ್ಲಿಸಿದ. "ನಾ ಬರೇ ಗುಂಡಿ ಒತ್ತಾಂವ್ರಿ ಸಾಹೇಬ್ರ! ಬಾಜೂಮನಿ ನೀಲಕಂಠಪ್ಪ ಕಾಕಾ ಇರಬೇಕ್ರಿ. ದಿನಾ ಬಂದು ಹುಕುಂ ಮಾಡತಾನ."

ನೀಲಕಂಠಪ್ಪ ಕೈ ಮುಗಿದ. "ನಾ ಇಲ್ಲಿ ಚಾ ಕುಡಿಯಾಕ ಬರತೇನ್ರಿ. ಅದಕ್ಕೂ ಟ್ಯಾಕ್ಸ್ ಹಾಕತೀರೇನು?"

"ಹೆದರಬ್ಯಾಡ್ರಿ. ಆ ಇನ್ನೊಬ್ಬರು ಯಾರೋ, ಅರ್ಧ ಗಿರಣಿ ಅವರ ಹೆಸರಿಗೈತಿ, ಅಷ್ಟ," ಎಂದು ಫಕೀರೇಶ ಬಾಯಿ ಬಿಟ್ಟ.

ಮುಗಿದ ಕೈ ಬಿಚ್ಚಿಕೊಂಡಿತು. "ಅರ್ಧ ಗಿರಣಿ? ಈಗ ನೆನಪಾತು ನೋಡ್ರಿ, ಆವತ್ತ ನಾನೂ ಒಂದ್ ಸಹಿ ಹಾಕಿದ್ನಿ."

"ನಿನಗ ಸಹಿ ಎಲ್ಲಿ ಬರತೈತಿ ಕಾಕಾ? ಹಾಕಿದಾಂವ ನಾನು!" ಎಂದು ಮೈಲಾರಿ ಮುಂದೆ ಬಂದ.

"ನನ್ನ ಹೆಬ್ಬಟ್ಟೂ ಒತ್ತಿಸಿಕೊಂಡಿದ್ರವ್ವ!" ತೊಟ್ಟು ಮುರಿಯುತ್ತಿದ್ದ ಉಡಚವ್ವ ಸೆರಗು ಝಾಡಿಸಿ ಎದ್ದಳು.

ನಾಲ್ಕೂವರೆ ಹೊತ್ತಿಗೆ ಅಂಗಳದಲ್ಲಿ ಏಳು ಮಂದಿ ಮಾಲಕರಾದರು. ಅವರ ಕಾಲ್ತುಳಿತಕ್ಕೆ ಮೆಣಸಿನಕಾಯಿ ಘಾಟೆದ್ದು ಏಳೂ ಮಂದಿ ಒಟ್ಟಿಗೆ ಸೀನಿದರು, ಹಳೇ ಬಸ್ಸು ಚಾಲೂ ಆದಂತೆ. ಕಣ್ಣೊರೆಸಿಕೊಳ್ಳಲು ಬಟ್ಟೆ ಬೇಕೆಂದು ಬೀರವ್ವ ಟ್ರಂಕು ತೆಗೆದಳು. ತಳದಲ್ಲಿ ಹಳೇ ಸೀರೆಯೊಳಗೆ ಕಂಪನಿಯ ರಿಜಿಸ್ಟರು ಸಿಕ್ಕಿತು.

ಫಕೀರೇಶ ನೀರಾಡುವ ಕಣ್ಣಿನಿಂದಲೇ ಓದಿದ. ಇನ್ನರ್ಧ: ಪ್ರಭಾವತಿ, ತಂದೆ ಹನುಮಪ್ಪ, ದೇಶಪಾಂಡೆ ನಗರ.

ಅವನ ಹೆಂಡತಿ.

"ಹೌದಲ್ಲ," ಎಂದಳು ಅವಳು ಫೋನಿನಲ್ಲಿ. "ಅಪ್ಪ ಸಹಿ ಮಾಡು ಅಂದ್ರು, ಮಾಡಿದ್ನಿ. ಪಾಲಿಗೆ ಹಾಕಿದ ರೊಕ್ಕಾನೂ ನಂದ. ನೀವು ಯಾವಾಗ ಕೇಳೀರಿ?"

ಐದಕ್ಕೆ ನಾಲ್ಕು ನಿಮಿಷವಿರುವಾಗ ಫಕೀರೇಶನ ಫೋನಿನಿಂದಲೇ ಫಾರ್ಮು ಹೋಯಿತು. ದಂಡ ತಪ್ಪಿತೆಂದು ಅಂಗಳವೇ ಉಸಿರು ಬಿಟ್ಟಿತು. ನೀಲಕಂಠಪ್ಪ ಚಾ ಕೇಳಿದ. ಫಕೀರೇಶನಿಗೂ ಎದೆ ಹಗುರಾಯಿತು.

"ಇನ್ನ ನನ್ನ ಫೀ, ಬೀರವ್ವಾರ."

"ಕೊಡೂಣಂತ್ರಿ. ಇನ್ನೊಬ್ಬ ಮಾಲಕರನ್ನೂ ಒಂದ್ ಮಾತ ಕೇಳಬೇಕಲ್ಲ?" ಬೀರವ್ವ ಅವನ ಫೋನಿನಿಂದಲೇ ಪ್ರಭಾವತಿಗೆ ಹಚ್ಚಿಸಿ ಸ್ಪೀಕರ್ ಒತ್ತಿದಳು.

"ಮನೀ ಕಂಪನಿಗಿ ಮನೀ ಮಂದಿ ಫೀ ಹಚ್ಚತಾರೇನ್ ಅಕ್ಕಾರ?" ಎಂದಿತು ಪ್ರಭಾವತಿಯ ದನಿ. "ಅವರ ಕೈಯಾಗ ಎರಡು ಕಿಲೋ ಖಾರ ಕಳಸ್ರಿ, ಸಾಕು."

ಅದರಲ್ಲಿ ಒಂದು ಕಿಲೋ ಕೊಟ್ಟರೆ ಆಫೀಸು ಬಾಡಿಗೆಗೆ ಕೊಟ್ಟವರು ಈ ತಿಂಗಳ ಮಟ್ಟಿಗಾದರೂ ಸುಮ್ಮನಿದ್ದಾರೇನೋ ಎಂದು ಯೋಚಿಸುತ್ತ ಫಕೀರೇಶ ಸ್ಕೂಟರು ಒದ್ದ. ಸ್ಕೂಟರಿಗಿಂತ ಮೊದಲು ಸೀನು ಬಂತು.