ಅಟ್ಟದಿಂದ ಇಳಿದ ಲೋಟಗಳು

ನೆನೆಸಿದ ಅವರೆಕಾಳನ್ನು ಹಿಸುಕುತ್ತ ಕೂತಾಗ ಸಿಗುವ ಶಾಂತಿ ನನಗೆ ಪೂಜೆಯಲ್ಲೂ ಸಿಗುವುದಿಲ್ಲ, ಆಂಜನೇಯಸ್ವಾಮಿ ಕ್ಷಮಿಸಲಿ. ಬೇಳೆ ಬೋಗುಣಿಗೆ, ಸಿಪ್ಪೆ ಪಕ್ಕದ ಮನೆಯ ಹಸುವಿಗೆ. ಯಾವುದೂ ದಂಡವಾಗುವುದಿಲ್ಲ. ಮೊನ್ನೆ ಅಂಥ ಹೊತ್ತಿನಲ್ಲೇ ಮಗಳು ಮಾನಸ ಬಂದು ಎದುರಿಗೆ ಕೂತಳು.

“ಅಮ್ಮ, ನನ್ನ ಮದುವೇಲಿ ಒಂದು ಚೂರೂ ಪ್ಲಾಸ್ಟಿಕ್ ಇರಲ್ಲ. ನೀರಿನ ಬಾಟಲೂ ಇಲ್ಲ. ಲಕ್ಕೂರಿಗೂ ಫೋನ್ ಮಾಡಿ ಹೇಳಿಬಿಟ್ಟೆ.”

ಲಕ್ಕೂರು ಅಂದರೆ ಹುಡುಗನ ಮನೆ. ಕಾಳು ನನ್ನ ಕೈಯಿಂದ ಜಾರಿ ಬಾಗಿಲಿನ ತನಕ ಹಾರಿತು. “ಅವರೇನಂದ್ರು?”

“ಏನೂ ಅನ್ನಲಿಲ್ಲ. ಅತ್ತೆ ಇವತ್ತೇ ಬರ್ತಾರಂತೆ.”

ಬೀಗಿತ್ತಿ ಏನೂ ಅನ್ನದೆ ಬಸ್ಸು ಹತ್ತುತ್ತಾರೆಂದರೆ ಅರ್ಥ ಏನೆಂದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಪೇಪರ್ ಓದುತ್ತಿದ್ದ ನಮ್ಮವರು, ಗಾಬರಿಯಾದಾಗಲೆಲ್ಲ ತೆಲುಗಿಗೆ ತಿರುಗುವವರು, “ಸರಿಪೋಯಿಂದಿ” ಎಂದು ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. ಮದುವೆಗೆ ಮುಂಚೆಯೇ ಬೀಗರ ಮುಖ ಊದಿದರೆ ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ನನ್ನ ಮಗಳು. ಅವಳಿಗೆ ಆ ಯೋಚನೆಯೇ ಇಲ್ಲ. “ನೀರಿಗೆ ನಮ್ಮ ಅಟ್ಟದಲ್ಲಿರೋ ಸ್ಟೀಲ್ ಲೋಟಗಳೇ ಸಾಕು” ಎಂದು ಏಣಿ ಹತ್ತಿ ಮೂಟೆ ಇಳಿಸಿದಳು.

ಆ ಮೂಟೆಯ ಕಥೆ ಹೇಳಲೇಬೇಕು. ನಮ್ಮ ಕಡೆ ಮದುವೆ, ಗೃಹಪ್ರವೇಶ ಎಂದರೆ ಬಂದವರಿಗೆ ಮನೆಯವರ ಹೆಸರು ಕೊರೆಸಿದ ಸ್ಟೀಲ್ ಲೋಟ ಹಂಚುವ ಪದ್ಧತಿ. ಅದನ್ನು ಬಳಸುವವರು ಕಡಿಮೆ. ಇನ್ನೊಬ್ಬರಿಗೆ ಮುಯ್ಯಿ ಮಾಡುವವರೇ ಜಾಸ್ತಿ. ಹಾಗೆ ಊರು ಸುತ್ತಿದ ಲೋಟಗಳೆಲ್ಲ ಕಡೆಗೆ ನನ್ನ ಅಟ್ಟ ಸೇರುತ್ತವೆ. ಇಷ್ಟು ವರ್ಷ ಇದೇ ಮಗಳು ಅದನ್ನು ಗುಜರಿ ಎನ್ನುತ್ತಿದ್ದಳು.

ಬೀಗಿತ್ತಿ ಬಂದರು. ನಾನು ಒಳ್ಳೆಯ ಲೋಟ ಹುಡುಕುವಷ್ಟರಲ್ಲಿ ಮಾನಸ ಮೂಟೆಯದೇ ಒಂದನ್ನು ತೊಳೆದು ನೀರು ತಂದುಕೊಟ್ಟಳು.

“ನೋಡಿ ಅಕ್ಕ,” ಎಂದರು ಬೀಗಿತ್ತಿ, ಲೋಟ ಹಿಡಿದೇ. “ಎಲೆ ಪಕ್ಕದಲ್ಲಿ ಬಾಟಲ್ ಇಲ್ದಿದ್ರೆ ನಮ್ಮೂರೋರು ನಗ್ತಾರೆ. ಬೀಗ್ರು ನೀರಿಗೂ ಕೈ ಬಿಗಿ ಹಿಡಿದ್ರು ಅಂತಾರೆ. ನಮ್ಮಣ್ಣ ಅಂತೂ ಪಂಕ್ತಿಯಿಂದ ಎದ್ದೇ ಹೋಗ್ತಾನೆ. ಅವನು…”

ಲೋಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಇದು ನಿಮ್ಮನೇಗೆ ಹೆಂಗೆ ಬಂತು?”

“ಯಾಕಕ್ಕ, ತೂತಾ?”

“ಮುನಿಯಮ್ಮ ಅಂತಿದೆ. ನಮ್ಮಮ್ಮ ಕಣಕ್ಕ. ಅಣ್ಣನ ಮದುವೇಲಿ ಹಂಚಿದ್ವಿ. ಅಮ್ಮ ಹೋದ್ಮೇಲೆ ಹುಡುಕಿದ್ರೆ ಮನೇಲಿ ಒಂದೂ ಉಳಿದಿರಲಿಲ್ಲ.”

ಸೆರಗಿನಿಂದ ಲೋಟ ಒರೆಸಿದರು, ಆಮೇಲೆ ಕಣ್ಣು. ಆಮೇಲೆ ನೆಲದ ಮೇಲೇ ಕೂತು ಮೂಟೆಗೆ ಕೈ ಹಾಕಿದರು. ಇದು ಚಿಕ್ಕಪ್ಪಂದು, ಇದು ನಂಗಲಿ ಊರಿನ ಭಾವಂದು, ಈ ಮಹಾರಾಯ ಲೋಟ ಕೊಟ್ಟ, ಊಟಕ್ಕೆ ಸಾರೇ ಬಡಿಸಲಿಲ್ಲ. ಮುನಿಯಮ್ಮನವರು ಇನ್ನೂ ಇಬ್ಬರು ಸಿಕ್ಕರು. ಬೀಗಿತ್ತಿ ನಕ್ಕಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

“ಬಾಟಲ್ ಬೇಡ ಬಿಡಿ,” ಎಂದರು ಏಳುವಾಗ. “ಅಮ್ಮನ ಲೋಟ ನಮ್ಮಣ್ಣನ ಎಲೆ ಮುಂದೆ ಇಡಿ. ಅದೆಂಗೆ ಎದ್ದು ಹೋಗ್ತಾನೋ ನೋಡ್ತೀನಿ. ನಮ್ಮನೇಲೂ ಎರಡು ಮೂಟೆ ಇದೆ, ನಾಳೆ ಕಳಿಸ್ತೀನಿ.”

ಅಟ್ಟ ಖಾಲಿಯಾದೀತೆಂಬ ನನ್ನ ಆಸೆ ಅಲ್ಲಿಗೆ ಮುಗಿಯಿತು. ಆದರೂ ಮಗಳ ದಾರಿ ಸಲೀಸಾಯಿತಲ್ಲ, ಆಂಜನೇಯನಿಗೆ ಒಂದು ವಡೆಮಾಲೆ ಹರಸಿಕೊಂಡೆ.

“ನಮ್ಮಮ್ಮ ಮೊದಲಿಂದಲೂ ಪರಿಸರವಾದಿ ಅತ್ತೆ” ಎಂದು ಮಗಳು ಹೊಗಳಿದಾಗ ನಾನು ಸೆರಗು ಸರಿಮಾಡಿಕೊಂಡೆ. ಎಸೆಯಲು ಕೈ ಬಾರದ ಜಿಪುಣತನಕ್ಕೆ ಇಂಥ ಮರ್ಯಾದಸ್ಥ ಹೆಸರಿದೆಯೆಂದು ನನಗೇನು ಗೊತ್ತಿತ್ತು?

ಬೀಗಿತ್ತಿಯನ್ನು ಬಸ್ಸು ಹತ್ತಿಸಲು ಮಗಳು ಹೋದಳು. ಮನೆಯಲ್ಲಿ ಒಂದು ಮೂಟೆ ಲೋಟ ಮತ್ತು ಒಬ್ಬ ಪರಿಸರವಾದಿ ಉಳಿದೆವು. ಪ್ಲಾಸ್ಟಿಕ್ ಬ್ರಶ್ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ತೆಂಗಿನ ನಾರು ಕಿತ್ತುಕೊಂಡು, ಮೊದಲು ಮುನಿಯಮ್ಮನವರನ್ನು ಕೈಗೆತ್ತಿಕೊಂಡು ಉಜ್ಜಲು ಕೂತೆ.